ಸೆಂಟಿನಿಂದ ಮಿಲಿಮೀಟರಿಗೆ: ಹ್ಯಾಸ್ಕೆಲ್‌ನಲ್ಲಿ ಸಂಖ್ಯೆಗಳ ಪರಿವರ್ತನೆ ಏಕೆ ತಡವಾಗುತ್ತದೆ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲೇ ಬರೆದಿಡುತ್ತಾರೆ. ಒಂದು ಇಂಚಿನ ನೂರನೆಯ ಒಂದು ಪಾಲಿಗೆ ಸೆಂಟು ಎಂದು ಹೆಸರು. ಬೆಳಿಗ್ಗೆ ತೋಟದ ರೈಟರು ಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, 'ಒಂದು ಇಂಚು ನಲವತ್ತು ಸೆಂಟು' ಎಂದು ಮಳೆ ಪುಸ್ತಕದಲ್ಲಿ ದಾಖಲಿಸುತ್ತಾರೆ. ಮಾಪಕ ಕೆಟ್ಟಿದ್ದರೆ ಅಥವಾ ಯಾರೂ ನೋಡದೆ ಹೋಗಿದ್ದರೆ ಆ ದಿನದ ಎದುರು ಸೊನ್ನೆ ಬರೆಯದೆ ಒಂದು ಗೀಟು ಎಳೆಯುತ್ತಾರೆ. ಹವಾಮಾನ ಇಲಾಖೆಯ ಲೆಕ್ಕವಾದರೋ ಮಿಲಿಮೀಟರಿನದು. ಒಂದು ಇಂಚು ಎಂದರೆ ಕರಾರುವಾಕ್ಕಾಗಿ 25.4 ಮಿಲಿಮೀಟರ್, ಆದ್ದರಿಂದ ಒಂದು ಸೆಂಟು 0.254 ಮಿಲಿಮೀಟರ್. 2018ರ ಆಗಸ್ಟ್‌ನ ಭೂಕುಸಿತಗಳ ನಂತರ ಈ ಎರಡು ಲೆಕ್ಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಅಗತ್ಯ ಹೆಚ್ಚಿದೆ. ಮಳೆಯ ಅಂಕಿ ಈಗ ಹೂಮಳೆಗಾಗಿ ಕಾಯುವ ಬೆಳೆಗಾರನ ವಿಚಾರವಾಗಿಯಷ್ಟೇ ಉಳಿದಿಲ್ಲ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಳವಡಿಸಿರುವ ದೂರಸಂವೇದಿ ಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಅಳತೆ ಕಳುಹಿಸುತ್ತವೆ. ಆ ಲೆಕ್ಕದಲ್ಲಿ ದಿನಕ್ಕೆ 96, ವರ್ಷಕ್ಕೆ 35,040 ಅಂಕಿಗಳು ಒಂದೇ ಮಾಪಕದಿಂದ ಬರುತ್ತವೆ. ಅಂಥ ನೂರು ಮಾಪಕಗಳಿದ್ದರೆ ವರ್ಷಕ್ಕೆ 35 ಲಕ್ಷ. ಹತ್ತು ವರ್ಷಕ್ಕೆ ಮೂರೂವರೆ ಕೋಟಿ. ಇಷ್ಟು ಅಂಕಿಗಳನ್ನು ಕೂಡಿ ಸರಾಸರಿ ತೆಗೆಯುವುದು ಇಂದಿನ ಸಾಧಾರಣ ಲ್ಯಾಪ್‌ಟಾಪಿಗೆ ದೊಡ್ಡ ಕೆಲಸವೇನಲ್ಲ. ಆದರೂ ಇದೇ ಬಗೆಯ ಅಂಕಿಗಳಿಗಾಗಿ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ನನ್ನ ಪುಟ್ಟ ಪ್ರೋಗ್ರಾಂ, ಮಳೆಗಾಲದಲ್ಲಿ ಕರೆಂಟು ಹೋಗಿ ಬ್ಯಾಟರಿಯ ಮೇಲೆ ಓಡುವಾಗ, ಕೆಲಸ ಮುಗಿಸುವ ಮೊದಲೇ ಬ್ಯಾಟರಿಯನ್ನು ಮುಗಿಸುವ ಹಂತಕ್ಕೆ ಬಂದಿತ್ತು. ಕಡತ ಓದುವುದರಲ್ಲಾಗಲಿ ಮೊತ್ತ ಹಾಕುವುದರಲ್ಲಾಗಲಿ ಸಮಯ ಹೋಗುತ್ತಿರಲಿಲ್ಲ. ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ಇಡುವ ಎರಡು ಬಗೆಗಳಲ್ಲಿ, 32 ಬಿಟ್‌ನ ಫ್ಲೋಟ್ ಆಗಿ ಬಂದ ಅಂಕಿಯನ್ನು 64 ಬಿಟ್‌ನ ಡಬಲ್‌ಗೆ ಬದಲಾಯಿಸುವ, ಒಂದೇ ಪದದ ಸಾಲೊಂದರಲ್ಲಿ ಅದು ಹೋಗುತ್ತಿತ್ತು.

ಆ ಪದ 'ರಿಯಲ್‌ಟುಫ್ರ್ಯಾಕ್'. ಹ್ಯಾಸ್ಕೆಲ್ ಭಾಷೆಯಲ್ಲಿ ಒಂದು ಬಗೆಯ ಸಂಖ್ಯೆ ಇನ್ನೊಂದು ಬಗೆಗೆ ತಾನಾಗಿಯೇ ಬದಲಾಗುವುದಿಲ್ಲ. ಸಿ ಭಾಷೆಯಲ್ಲಿರುವಂತೆ ಪೂರ್ಣಾಂಕವೊಂದು ಸದ್ದಿಲ್ಲದೆ ದಶಮಾಂಶವಾಗಿಬಿಡುವ ಸೌಕರ್ಯ ಅಲ್ಲಿಲ್ಲ. ಬದಲಾವಣೆ ಬೇಕಾದಲ್ಲೆಲ್ಲ ಪ್ರೋಗ್ರಾಂ ಬರೆಯುವವರು ಅದನ್ನು ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಲು ಭಾಷೆ ಎರಡು ಸಾರ್ವತ್ರಿಕ ಫಂಕ್ಷನ್‌ಗಳನ್ನು ಕೊಡುತ್ತದೆ. ಯಾವುದೇ ಪೂರ್ಣಾಂಕವನ್ನು ಯಾವುದೇ ಸಂಖ್ಯೆಯಾಗಿಸಲು 'ಫ್ರಮ್‌ಇಂಟೆಗ್ರಲ್', ಯಾವುದೇ ವಾಸ್ತವ ಸಂಖ್ಯೆಯನ್ನು ಯಾವುದೇ ಭಿನ್ನರಾಶಿ ಬಗೆಯ ಸಂಖ್ಯೆಯಾಗಿಸಲು 'ರಿಯಲ್‌ಟುಫ್ರ್ಯಾಕ್'. ಹತ್ತು ಬಗೆಯ ಸಂಖ್ಯೆಗಳಿದ್ದರೆ ಪ್ರತಿ ಜೋಡಿಗೂ ಒಂದೊಂದು ಫಂಕ್ಷನ್ ಎಂದು ತೊಂಬತ್ತು ಬರೆಯಬೇಕಾಗುತ್ತದೆ. ಅದರ ಬದಲು ಎಲ್ಲ ಬಗೆಗಳೂ ಒಂದು ಸಾಮಾನ್ಯ ನೆಲೆಗೆ ಬಂದು ಅಲ್ಲಿಂದ ಮುಂದೆ ಹೋಗಲಿ ಎಂಬುದು ಭಾಷೆಯ ವಿನ್ಯಾಸಕಾರರು ಆರಿಸಿಕೊಂಡ ದಾರಿ. ಹ್ಯಾಸ್ಕೆಲ್ 98 ಮತ್ತು ಹ್ಯಾಸ್ಕೆಲ್ 2010 ಎಂಬ ಅಧಿಕೃತ ಭಾಷಾ ವರದಿಗಳೆರಡರಲ್ಲೂ ಇದು ಹೀಗೆಯೇ ಇದೆ: ಪೂರ್ಣಾಂಕಗಳಿಗೆ ಆ ಸಾಮಾನ್ಯ ನೆಲೆ ಎಷ್ಟು ದೊಡ್ಡದಾದರೂ ಬೆಳೆಯಬಲ್ಲ 'ಇಂಟೀಜರ್', ವಾಸ್ತವ ಸಂಖ್ಯೆಗಳಿಗೆ ಅಂಥ ಎರಡು ಇಂಟೀಜರ್‌ಗಳನ್ನು ಅಂಶ ಮತ್ತು ಛೇದವಾಗಿ ಹೊತ್ತ 'ರ್‍ಯಾಷನಲ್'.

ಪರಿವರ್ತನೆ ತಡವಾಗುವುದರ ಮೂಲ ಈ ಸುತ್ತುದಾರಿಯಲ್ಲಿದೆ. 0.1 ಎಂಬ ಡಬಲ್ ಅನ್ನು ತೆಗೆದುಕೊಳ್ಳೋಣ. ಕಂಪ್ಯೂಟರ್ ಅದನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದರಿಂದ ಅದರ ನಿಜವಾದ ಬೆಲೆ ಹತ್ತನೆಯ ಒಂದು ಭಾಗವಲ್ಲ; ಅಂಶದಲ್ಲಿ 3602879701896397, ಛೇದದಲ್ಲಿ 36028797018963968 ಇರುವ ಒಂದು ಭಿನ್ನರಾಶಿ. ಆ ಛೇದ ಎರಡರ 55ನೆಯ ಘಾತ. ರಿಯಲ್‌ಟುಫ್ರ್ಯಾಕ್ ತನ್ನ ವ್ಯಾಖ್ಯೆಗೆ ನಿಷ್ಠವಾಗಿ ನಡೆದರೆ ಮೊದಲು ಸಂಖ್ಯೆಯನ್ನು ಬಿಚ್ಚಿ ಈ ಅಂಶ, ಛೇದಗಳನ್ನು ಸ್ಮರಣೆಯಲ್ಲಿ ಹೊಸದಾಗಿ ಕಟ್ಟಬೇಕು, ಭಿನ್ನರಾಶಿಯನ್ನು ಅತಿ ಸರಳ ರೂಪಕ್ಕೆ ಇಳಿಸಬೇಕು, ಮತ್ತೆ ಅವೆರಡನ್ನೂ ದೊಡ್ಡ ಪೂರ್ಣಾಂಕಗಳ ಭಾಗಾಕಾರಕ್ಕೆ ಒಡ್ಡಿ, ಬಂದದ್ದನ್ನು ಗುರಿಯ ಬಗೆಯಲ್ಲಿ ಹಿಡಿಸುವ ಅತಿ ಹತ್ತಿರದ ಸಂಖ್ಯೆಗೆ ತರಬೇಕು. ಹ್ಯಾಸ್ಕೆಲ್‌ನ ಮುಖ್ಯ ಕಂಪೈಲರ್, ಅಂದರೆ ಬರೆದ ಪ್ರೋಗ್ರಾಂ ಅನ್ನು ಯಂತ್ರದ ಸೂಚನೆಗಳಾಗಿ ಬದಲಿಸುವ ತಂತ್ರಾಂಶ ಆದ ಜಿಎಚ್‌ಸಿ ಇದರಲ್ಲಿ ಕೆಲವು ಜಾಣತನಗಳನ್ನು ಮಾಡುತ್ತದೆ. ಛೇದ ಎರಡರ ಘಾತವೇ ಆಗಿರುವುದರಿಂದ ಮ.ಸಾ.ಅ. ಹುಡುಕುವ ಬದಲು ಬಿಟ್‌ಗಳನ್ನು ಸರಿಸಿಯೇ ಸರಳಗೊಳಿಸುತ್ತದೆ. ಹಾಗಿದ್ದರೂ ಉಳಿದ ಶ್ರಮ ತಪ್ಪುವುದಿಲ್ಲ. ಪ್ರೊಸೆಸರ್‌ನಲ್ಲಿಯೋ, ಫ್ಲೋಟ್ ಅನ್ನು ಡಬಲ್ ಮಾಡಲೆಂದೇ ಒಂದು ಸೂಚನೆ ಇದೆ, ಅದು ಬೆರಳೆಣಿಕೆಯ ಗಡಿಯಾರ ಬಡಿತಗಳಲ್ಲಿ ಮುಗಿಯುತ್ತದೆ. ಕುಶಾಲನಗರದಿಂದ ಮಡಿಕೇರಿಗೆ ಹೋಗಬೇಕಾದವರು ಮೈಸೂರಿಗೆ ಹೋಗಿ, ಅಲ್ಲಿಂದ ವಿರಾಜಪೇಟೆಯ ಮೇಲೆ ಹತ್ತಿ ಬಂದ ಹಾಗಾಯಿತು ಇದು. ಊರು ತಲುಪುತ್ತದೆ, ಸಂದೇಹವಿಲ್ಲ.

ಫ್ರಮ್‌ಇಂಟೆಗ್ರಲ್‌ನ ಕಥೆ ಇಷ್ಟು ದುಬಾರಿಯಲ್ಲ. ಸಣ್ಣ ಪೂರ್ಣಾಂಕಗಳನ್ನು ಇಂಟೀಜರ್ ಒಂದೇ ಯಂತ್ರಪದದಲ್ಲಿ, ಅಂದರೆ ಪ್ರೊಸೆಸರ್ ಒಮ್ಮೆಗೆ ಹಿಡಿಯುವಷ್ಟು ಬಿಟ್‌ಗಳಲ್ಲಿ, ಇಟ್ಟುಕೊಳ್ಳುವುದರಿಂದ ಅಲ್ಲಿನ ಸುತ್ತು ಚಿಕ್ಕದು.

ಈ ಸುತ್ತುದಾರಿಯನ್ನು ತಪ್ಪಿಸಲು ಜಿಎಚ್‌ಸಿಯಲ್ಲಿ 'ಪುನರ್ಲೇಖನ ನಿಯಮ'ಗಳೆಂಬ ಸೌಲಭ್ಯವಿದೆ. ಸೈಮನ್ ಪೇಟನ್ ಜೋನ್ಸ್, ಆಂಡ್ರ್ಯೂ ಟೋಲ್ಮಾಕ್ ಮತ್ತು ಟೋನಿ ಹೋರ್ 2001ರಲ್ಲಿ ವಿವರಿಸಿದ ಈ ವ್ಯವಸ್ಥೆಯಲ್ಲಿ, ಲೈಬ್ರರಿ ಬರೆಯುವವರು 'ಈ ರೂಪದ ಪದಪುಂಜ ಕಂಡರೆ ಅದರ ಬದಲು ಇದನ್ನು ಹಾಕು' ಎಂದು ಕಂಪೈಲರಿಗೆ ಹೇಳಿಡಬಹುದು. ರಿಯಲ್‌ಟುಫ್ರ್ಯಾಕ್ ಫ್ಲೋಟ್‌ನಿಂದ ಡಬಲ್‌ಗೆ ಹೋಗುತ್ತಿದೆಯೆಂದು ತಿಳಿದರೆ ಅದರ ಜಾಗದಲ್ಲಿ ಯಂತ್ರದ ನೇರ ಸೂಚನೆಯನ್ನೇ ಇಡುವ ನಿಯಮ ಮೂಲ ಲೈಬ್ರರಿಯಲ್ಲೇ ಇದೆ. ಡಬಲ್‌ನಿಂದ ಇಂಟ್ ಎಂಬ ಸಾಧಾರಣ ಅಳತೆಯ ಪೂರ್ಣಾಂಕಕ್ಕೆ ಕತ್ತರಿಸುವ 'ಟ್ರಂಕೇಟ್', ಕೆಳಕ್ಕಿಳಿಸುವ 'ಫ್ಲೋರ್' ಮೊದಲಾದವಕ್ಕೂ ಅಂಥವು ಇವೆ. ಹಾಗಾದರೆ ತೊಂದರೆ ಬಗೆಹರಿಯಿತಲ್ಲ ಎಂದು ಓದುಗರು ಕೇಳಬಹುದು. ಬಗೆಹರಿಯುವುದಿಲ್ಲ, ಏಕೆಂದರೆ ನಿಯಮಗಳು ಕೆಲಸ ಮಾಡುವುದಕ್ಕೆ ಎರಡು ಷರತ್ತುಗಳಿವೆ.

ಮೊದಲನೆಯದು, ಕಂಪೈಲರನ್ನು ಆಪ್ಟಿಮೈಸೇಷನ್, ಅಂದರೆ ಪ್ರೋಗ್ರಾಂ ಅನ್ನು ವೇಗಕ್ಕಾಗಿ ತಿದ್ದುವ ಆಯ್ಕೆ, ಹಚ್ಚಿ ಓಡಿಸಿರಬೇಕು. ಪ್ರಯೋಗಕ್ಕೆಂದು ಸಂವಾದಿ ಪರಿಸರದಲ್ಲಿ ಸಾಲುಸಾಲಾಗಿ ಓಡಿಸಿದಾಗ, ಅಥವಾ ಬೇಗ ಕಂಪೈಲ್ ಆಗಲೆಂದು ಆಪ್ಟಿಮೈಸೇಷನ್ ಕೈಬಿಟ್ಟಾಗ ನಿಯಮಗಳು ಹೊರಡುವುದೇ ಇಲ್ಲ. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು: ಯಾವ ಬಗೆಯಿಂದ ಯಾವ ಬಗೆಗೆ ಎಂಬುದು ಆ ಜಾಗದಲ್ಲಿ ಕಂಪೈಲರಿಗೆ ಗೊತ್ತಿರಬೇಕು. ಸರಾಸರಿ ತೆಗೆಯುವ ಫಂಕ್ಷನ್ ಒಂದನ್ನು 'ಯಾವುದೇ ವಾಸ್ತವ ಬಗೆಯ ಪಟ್ಟಿ ಕೊಡಿ, ಯಾವುದೇ ಭಿನ್ನರಾಶಿ ಬಗೆಯ ಉತ್ತರ ಕೊಡುತ್ತೇನೆ' ಎಂಬಂತೆ ಸಾರ್ವತ್ರಿಕವಾಗಿ ಬರೆದು ಬೇರೊಂದು ಮಾಡ್ಯೂಲ್‌ನಲ್ಲಿ ಇಟ್ಟರೆ, ಕಂಪೈಲರ್ ಅದನ್ನು ಬಗೆ ಗೊತ್ತಿಲ್ಲದ ಒಂದೇ ಪ್ರತಿಯಾಗಿ ಕಂಪೈಲ್ ಮಾಡುವ ಸಾಧ್ಯತೆ ಇದೆ. ಆಗ ಸಂಖ್ಯೆಯನ್ನು ಹೇಗೆ ಕೂಡಬೇಕು, ಹೇಗೆ ಬದಲಿಸಬೇಕು ಎಂಬ ವಿಧಾನಗಳ ಒಂದು ಕಟ್ಟನ್ನು ಪ್ರತಿ ಕರೆಯಲ್ಲೂ ಜೊತೆಗೆ ಹೊತ್ತೊಯ್ಯಲಾಗುತ್ತದೆ. ಈ ಕಟ್ಟಿಗೆ ಹ್ಯಾಸ್ಕೆಲ್ ಬಲ್ಲವರು 'ಡಿಕ್ಷನರಿ' ಎನ್ನುತ್ತಾರೆ. ಬಗೆ ಯಾವುದೆಂದು ತಿಳಿಯದ ಕಡೆ ಫ್ಲೋಟ್‌ಗೆಂದೇ ಇರುವ ನಿಯಮ ಹೊಂದುವುದಾದರೂ ಹೇಗೆ? ಸುತ್ತುದಾರಿಯೇ ಗತಿ. ನನ್ನ ಪ್ರೋಗ್ರಾಂನಲ್ಲಿ ಆಗಿದ್ದೂ ಇದೇ. ಎಲ್ಲಕ್ಕೂ ಒದಗಲಿ ಎಂಬ ಹೆಮ್ಮೆಯಿಂದ ಬರೆದ ಅಂಕಿಅಂಶ ಮಾಡ್ಯೂಲ್ ಒಂದೇ ಒಂದು ಬಗೆಯ ಅಂಕಿಗಳಿಗೆ ಬಳಕೆಯಾಗುತ್ತಿತ್ತು, ಆದರೆ ಎಲ್ಲ ಬಗೆಗಳ ಸುಂಕವನ್ನೂ ಕಟ್ಟುತ್ತಿತ್ತು.

ಪರಿಹಾರ ಕಷ್ಟದ್ದಲ್ಲ. ಫಂಕ್ಷನ್‌ನ ಸಹಿಯಲ್ಲಿ, ಅಂದರೆ ಅದು ಏನು ಪಡೆದು ಏನು ಕೊಡುತ್ತದೆ ಎಂದು ಸಾರುವ ಸಾಲಿನಲ್ಲಿ, ಬಗೆಯನ್ನು ಖಚಿತವಾಗಿ ಬರೆಯಬಹುದು. ಸಾರ್ವತ್ರಿಕತೆ ನಿಜಕ್ಕೂ ಬೇಕಿದ್ದರೆ ಅದನ್ನು 'ಇನ್‌ಲೈನಬಲ್' ಎಂದು ಗುರುತು ಮಾಡಿ ಬಳಸುವ ಜಾಗದಲ್ಲೇ ವಿಶೇಷ ಪ್ರತಿ ಹುಟ್ಟಲು ಅವಕಾಶ ಕೊಡಬಹುದು, ಇಲ್ಲವೇ 'ಸ್ಪೆಷಲೈಸ್' ಎಂಬ ಸೂಚನೆಯಿಂದ ಬೇಕಾದ ಬಗೆಗಳಿಗೆ ಮೊದಲೇ ಪ್ರತಿ ಮಾಡಿಸಿಡಬಹುದು. ನಿಯಮ ಹೊರಟಿತೋ ಇಲ್ಲವೋ ಎಂಬುದನ್ನು ಊಹಿಸಬೇಕಾಗಿಲ್ಲ, ಹೊರಟ ನಿಯಮಗಳ ಪಟ್ಟಿಯನ್ನು ಮುದ್ರಿಸುವ ಆಯ್ಕೆ ಜಿಎಚ್‌ಸಿಯಲ್ಲೇ ಇದೆ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಸಮಯ ಎಲ್ಲಿ ಹೋಗುತ್ತಿದೆ ಎಂದು ನೋಡಲು ಪ್ರೊಫೈಲರ್ ಹಚ್ಚಿ, ಪ್ರತಿ ಫಂಕ್ಷನ್‌ಗೂ ತಾನಾಗಿ ಲೆಕ್ಕದ ಗುರುತು ಹಾಕಿಸಿದರೆ, ಆ ಗುರುತುಗಳೇ ಫಂಕ್ಷನ್ ಇನ್‌ಲೈನ್ ಆಗುವುದನ್ನೂ, ಅಂದರೆ ಕರೆದ ಜಾಗದಲ್ಲೇ ಬಿಚ್ಚಿಕೊಳ್ಳುವುದನ್ನೂ, ನಿಯಮ ಹೊರಡುವುದನ್ನೂ ತಡೆಯಬಲ್ಲವು. ಅಳೆಯಲು ಹೋದವರಿಗೆ ಇಲ್ಲದ ರೋಗ ಕಾಣಿಸಬಹುದು. ಪ್ರೊಫೈಲರ್ ಇಲ್ಲದೆ, ಪೂರ್ಣ ಆಪ್ಟಿಮೈಸೇಷನ್‌ನಲ್ಲಿ, ಬ್ರಯನ್ ಓಸಲಿವನ್ ಬರೆದ 'ಕ್ರೈಟೀರಿಯನ್'ನಂಥ ಲೈಬ್ರರಿಯಿಂದ ಆ ಒಂದು ಫಂಕ್ಷನ್ ಅನ್ನು ಸಾವಿರಾರು ಸಲ ಓಡಿಸಿ ಅಳೆದ ಅಂಕಿಯನ್ನೇ ನಾನು ಹೆಚ್ಚು ನಂಬುತ್ತೇನೆ.

ವೇಗದ ಮಾತು ಇಲ್ಲಿಗೆ ಮುಗಿಯಬಹುದಿತ್ತು. ಆದರೆ ನನಗೆ ಹೆಚ್ಚು ಗಂಭೀರವಾಗಿ ಕಾಣುವುದು ವೇಗವಲ್ಲ. ನಿಧಾನದ ದಾರಿಯೂ ವೇಗದ ದಾರಿಯೂ ಒಂದೇ ಊರಿಗೆ ಹೋಗುವುದಿಲ್ಲ ಎಂಬುದು.

ಎಲೆ ಸಿಕ್ಕಿ ಬಾಯಿ ಕಟ್ಟಿದ ಮಾಪಕದಿಂದ ಅಳತೆಯೇ ಬರದಿದ್ದಾಗ ಅನೇಕ ವ್ಯವಸ್ಥೆಗಳು ಅಂಕಿಯ ಜಾಗದಲ್ಲಿ 'ನ್ಯಾನ್' ಎಂಬ ವಿಶೇಷ ಗುರುತನ್ನು ಇಡುತ್ತವೆ. 'ಇದು ಸಂಖ್ಯೆಯಲ್ಲ' ಎಂಬುದು ಅದರ ಅರ್ಥ. ರೈಟರು ಎಳೆಯುವ ಗೀಟಿಗೆ ಸಮಾನ. ಫ್ಲೋಟ್‌ಗೂ ಡಬಲ್‌ಗೂ ಈ ಗುರುತು ಇದೆ, ಭಿನ್ನರಾಶಿಗೆ ಇಲ್ಲ. ಎರಡು ಪೂರ್ಣಾಂಕಗಳ ಅನುಪಾತವಾಗಿ 'ಅಳತೆ ಇಲ್ಲ' ಎಂಬುದನ್ನು ಬರೆಯುವ ಬಗೆಯೇ ಇಲ್ಲವಲ್ಲ. ಆದ್ದರಿಂದ ಸುತ್ತುದಾರಿಯಲ್ಲಿ ಹೋದ ನ್ಯಾನ್ ತನ್ನ ಬಿಟ್‌ಗಳನ್ನೇ ಮಾಮೂಲು ಸಂಖ್ಯೆಯೆಂಬಂತೆ ಓದಿಸಿಕೊಂಡು ಹೊರಬರುತ್ತದೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ ಹುಟ್ಟಿಸಿದ ಫ್ಲೋಟ್ ನ್ಯಾನ್ ಅನ್ನು ಆಪ್ಟಿಮೈಸೇಷನ್ ಇಲ್ಲದೆ ಡಬಲ್ ಮಾಡಿದರೆ ಸಿಗುವುದು ಋಣ 5.1ನ್ನು ಹತ್ತರ 38ನೆಯ ಘಾತದಿಂದ ಗುಣಿಸಿದ ಸಂಖ್ಯೆ, ಅಂದರೆ 51ರ ಮುಂದೆ 37 ಸೊನ್ನೆಗಳು, ಹಿಂದೆ ಋಣ ಚಿಹ್ನೆ. ಅಷ್ಟು ಮಿಲಿಮೀಟರ್ ಮಳೆ ಭಾಗಮಂಡಲದಿಂದ ಆಕಾಶಕ್ಕೆ ವಾಪಸು ಹೋಯಿತು ಎಂದು ಪ್ರೋಗ್ರಾಂ ನಂಬುತ್ತದೆ, ಆ ತಿಂಗಳ ಮೊತ್ತವೆಲ್ಲ ಅದರಲ್ಲಿ ಕೊಚ್ಚಿಹೋಗುತ್ತದೆ. ಅನಂತವೆಂಬ ಗುರುತಿನ ಗತಿಯೂ ಹೀಗೆಯೇ: ಫ್ಲೋಟ್‌ನ ಅನಂತ ಎರಡರ 128ನೆಯ ಘಾತವೆಂಬ ಸಾಂತ ಸಂಖ್ಯೆಯಾಗಿ ಇಳಿಯುತ್ತದೆ. ಅದೇ ಪ್ರೋಗ್ರಾಂ ಅನ್ನು ಆಪ್ಟಿಮೈಸೇಷನ್ ಹಚ್ಚಿ ಕಂಪೈಲ್ ಮಾಡಿದರೆ ನಿಯಮ ಹೊರಡುತ್ತದೆ, ಯಂತ್ರದ ಸೂಚನೆ ಓಡುತ್ತದೆ, ನ್ಯಾನ್ ನ್ಯಾನ್ ಆಗಿಯೇ ಉಳಿಯುತ್ತದೆ. ಒಂದೇ ಮೂಲ, ಎರಡು ಉತ್ತರ.

ಇದು ಗುಟ್ಟಿನ ದೋಷವೇನಲ್ಲ. ರಿಯಲ್‌ಟುಫ್ರ್ಯಾಕ್‌ನ ದಸ್ತಾವೇಜಿನಲ್ಲಿಯೇ ಈ ವ್ಯತ್ಯಾಸದ ಎಚ್ಚರಿಕೆ ಇದೆ. ಭಾಷಾ ವರದಿಯ ವ್ಯಾಖ್ಯೆಯಂತೆ ನೋಡಿದರೆ ನಿಧಾನದ ಉತ್ತರವೇ 'ಸರಿ', ಮನುಷ್ಯನ ಉದ್ದೇಶದಂತೆ ನೋಡಿದರೆ ವೇಗದ ಉತ್ತರ ಸರಿ. ಆಪ್ಟಿಮೈಸೇಷನ್ ಎಂಬುದು ಅರ್ಥವನ್ನು ಬದಲಿಸದೆ ವೇಗವನ್ನಷ್ಟೇ ಬದಲಿಸಬೇಕು ಎಂಬುದು ಹ್ಯಾಸ್ಕೆಲ್‌ನಂಥ ಭಾಷೆಗಳನ್ನು ಬಳಸುವ ಫಂಕ್ಷನಲ್ ಪ್ರೋಗ್ರಾಮಿಂಗ್‌ನವರು ಬಹಳ ಅಭಿಮಾನದಿಂದ ಹೇಳಿಕೊಳ್ಳುವ ಮಾತು. ಈ ಒಂದು ಮೂಲೆಯಲ್ಲಿ ಅದು ಸುಳ್ಳಾಗಿದೆ, ಮತ್ತು ಸರಳವಾದ ತಿದ್ದುಪಡಿಯೂ ಕಾಣುವುದಿಲ್ಲ. ನಿಯಮ ತೆಗೆದರೆ ಎಲ್ಲರ ಪ್ರೋಗ್ರಾಂಗಳೂ ನಿಧಾನವಾಗುತ್ತವೆ, ವ್ಯಾಖ್ಯೆ ಬದಲಿಸೋಣವೆಂದರೆ ಸಾಮಾನ್ಯ ನೆಲೆಯಾದ ಭಿನ್ನರಾಶಿಯಲ್ಲಿ ಗೀಟಿಗೆ ಜಾಗವಿಲ್ಲ. ಆದ್ದರಿಂದ ರಿಯಲ್‌ಟುಫ್ರ್ಯಾಕ್ ಅನ್ನು ಫ್ಲೋಟ್–ಡಬಲ್‌ಗಳ ನಡುವೆ ಬಳಸುವುದನ್ನೇ ಬಿಟ್ಟು, ಆ ಕೆಲಸಕ್ಕೆಂದೇ ಇರುವ 'ಫ್ಲೋಟ್‌ಟುಡಬಲ್', 'ಡಬಲ್‌ಟುಫ್ಲೋಟ್' ಫಂಕ್ಷನ್‌ಗಳನ್ನು ಹೆಸರು ಹಿಡಿದು ಕರೆಯುವುದು ಉತ್ತಮವೆಂದು ನನ್ನ ಅಭಿಪ್ರಾಯ. ಅವು ಆಪ್ಟಿಮೈಸೇಷನ್ ಇರಲಿ ಇಲ್ಲದಿರಲಿ ಒಂದೇ ಉತ್ತರ ಕೊಡುತ್ತವೆ, ಮತ್ತು ಓದುವವರಿಗೆ ಅಲ್ಲಿ ಏನು ನಡೆಯುತ್ತಿದೆ ಎಂಬುದೂ ಕಾಣುತ್ತದೆ.

ಸಿ ಭಾಷೆಯ ಲೈಬ್ರರಿಗಳೊಡನೆ ಮಾತನಾಡುವಾಗ ಬರುವ 'ಸಿಡಬಲ್' ಬಗೆಯ ವಿಚಾರ ಬೇರೆ. ಅದು ಡಬಲ್ ಅನ್ನೇ ಹೊಸ ಹೆಸರಿನ ಚೀಲದಲ್ಲಿ ಹಾಕಿದ್ದು, ಒಳಗಿನ ಬಿಟ್‌ಗಳಲ್ಲಿ ಏನೂ ವ್ಯತ್ಯಾಸವಿಲ್ಲ. ಅಲ್ಲಿ ಪರಿವರ್ತನೆಯೇ ಬೇಡ. 2014ರಲ್ಲಿ ಜಿಎಚ್‌ಸಿಯ 7.8ನೆಯ ಆವೃತ್ತಿಯೊಂದಿಗೆ ಬಂದ 'ಕೋಅರ್ಸ್' ಬಳಸಿದರೆ ಲಕ್ಷ ಅಂಕಿಗಳ ಪಟ್ಟಿಯೊಂದನ್ನು ಒಂದೊಂದಾಗಿ ಮುಟ್ಟದೆ, ಇಡಿಯಾಗಿ, ಖರ್ಚಿಲ್ಲದೆ ಇನ್ನೊಂದು ಹೆಸರಿಗೆ ದಾಟಿಸಬಹುದು.

ಪೂರ್ಣಾಂಕಗಳ ಕಡೆ ಅಪಾಯದ ಸ್ವರೂಪ ಬೇರೆಯಾಗಿದೆ. ತಾನಾಗಿ ಎಣಿಸುವ ಮಾಪಕಗಳಲ್ಲಿ ಮಕ್ಕಳು ಆಡುವ ಸೀ-ಸಾ ಹಲಗೆಯಂತೆ ಇತ್ತಿಂದತ್ತ ವಾಲುವ ಪುಟ್ಟ ಬಟ್ಟಲು ಇರುತ್ತದೆ. ಬಟ್ಟಲು ತುಂಬಿ ಒಮ್ಮೆ ವಾಲಿದರೆ ಒಂದು ಎಣಿಕೆ. ಕೆಲವು ಮಾದರಿಗಳಲ್ಲಿ ಒಂದು ವಾಲುವಿಕೆ ಎಂದರೆ 0.254 ಮಿಲಿಮೀಟರ್, ಅಂದರೆ ನಮ್ಮ ಲೆಕ್ಕದ ಸರಿಯಾಗಿ ಒಂದು ಸೆಂಟು. ಮೂರು ಇಂಚು ಮಳೆ ಬಂದ ದಿನ ಎಣಿಕೆ 300 ಆಗುತ್ತದೆ. ಆ 300ನ್ನು ಜಾಗ ಉಳಿಸಲೆಂದು ಎಂಟು ಬಿಟ್‌ನ ಬಗೆಗೆ ಫ್ರಮ್‌ಇಂಟೆಗ್ರಲ್ ಮೂಲಕ ಇಳಿಸಿದರೆ ಯಾವ ದೂರೂ ಇಲ್ಲದೆ 44 ಬರುತ್ತದೆ, ಏಕೆಂದರೆ ಎಂಟು ಬಿಟ್‌ಗಳಲ್ಲಿ 255ರ ಮುಂದೆ ಮತ್ತೆ ಸೊನ್ನೆ. ಜುಲೈ ತಿಂಗಳಲ್ಲಿ ಮೂರು ಇಂಚು ಹೊಡೆದ ಮಳೆ ದಾಖಲೆಯಲ್ಲಿ 44 ಸೆಂಟಿನ ಸೋನೆಯಾಗುತ್ತದೆ. ಇದರಲ್ಲಿ ನಿಧಾನದ ದಾರಿಗೂ ವೇಗದ ದಾರಿಗೂ ಭೇದವಿಲ್ಲ, ಎರಡೂ ಒಂದೇ ತಪ್ಪನ್ನು ಮಾಡುತ್ತವೆ. ಹಿಡಿಸದಿದ್ದರೆ 'ಇಲ್ಲ' ಎಂದು ಹೇಳುವ ಪರಿವರ್ತನೆಯನ್ನು ನಾವೇ ಬರೆದುಕೊಳ್ಳಬೇಕು, ಅದಕ್ಕೆ ತಗಲುವುದು ಒಂದೋ ಎರಡೋ ಹೋಲಿಕೆಗಳ ಸಮಯ. ಆ ಸಮಯವನ್ನು ಉಳಿಸಲು ಹೋದ ಪ್ರಸಿದ್ಧ ಉದಾಹರಣೆ ಏರಿಯಾನ್ 5 ರಾಕೆಟ್. 1996ರ ಜೂನ್ 4ರಂದು ಅದು ಹಾರಿದ ನಲವತ್ತು ಸೆಕೆಂಡುಗಳೊಳಗೆ ನಾಶವಾದದ್ದಕ್ಕೆ ಮೂಲ, 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಇಳಿಸುವಾಗ ಅದು ಹಿಡಿಸದೆ ಹೋದದ್ದು. ಅಲ್ಲಿನ ಭಾಷೆ ಏಡಾ. ಅಪಾಯವಿರಬಹುದೆಂದು ಗುರುತಿಸಿದ್ದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ರಕ್ಷಣೆ ಇಟ್ಟು ಮೂರನ್ನು ಬಿಡಲಾಗಿತ್ತು. ಪ್ರೊಸೆಸರ್ ಮೇಲಿನ ಹೊರೆ ಶೇ. 80 ಮೀರಬಾರದು ಎಂಬ ಗುರಿ ಅದಕ್ಕೆ ಕಾರಣವಾಗಿತ್ತು.

ಇನ್ನೊಂದು ಕಡೆ ಸುತ್ತುದಾರಿ ಬರೀ ನಿಧಾನವಲ್ಲ, ಬಾಗಿಲು ತೆರೆದಿಟ್ಟ ಹಾಗೆ. ಪ್ರೋಗ್ರಾಂಗಳು ಜಾಲದಲ್ಲಿ ಮಾಹಿತಿ ಕಳುಹಿಸಲು ಬಳಸುವ ಜೇಸನ್ ರೂಪದಲ್ಲಿ ಬಂದ ಅಂಕಿಗಳನ್ನು ಹ್ಯಾಸ್ಕೆಲ್‌ನ ಜನಪ್ರಿಯ ಲೈಬ್ರರಿ 'ಸೈಂಟಿಫಿಕ್' ಎಂಬ ಬಗೆಯಲ್ಲಿ, ಒಂದು ಗುಣಾಂಕ ಮತ್ತು ಹತ್ತರ ಘಾತವಾಗಿ ಇಟ್ಟುಕೊಳ್ಳುತ್ತದೆ. ಕಿಡಿಗೇಡಿಯೊಬ್ಬರು ಮಳೆಯ ಅಂಕಿಯ ಜಾಗದಲ್ಲಿ ಹತ್ತರ ನೂರು ಕೋಟಿಯ ಘಾತವನ್ನು ಹನ್ನೆರಡು ಅಕ್ಷರಗಳಲ್ಲಿ ಬರೆದು ಕಳುಹಿಸಿದರೆಂದುಕೊಳ್ಳೋಣ. ಸೈಂಟಿಫಿಕ್ ಆಗಿ ಇರುವವರೆಗೆ ಅದು ಪುಟ್ಟದು. ಅದನ್ನು ಭಿನ್ನರಾಶಿಯಾಗಿಸಲು ಹೊರಟರೆ ನೂರು ಕೋಟಿ ಅಂಕೆಗಳ ಪೂರ್ಣಾಂಕವೊಂದನ್ನು ಕಟ್ಟಬೇಕಾಗುತ್ತದೆ. ಅದಕ್ಕೆ 40 ಕೋಟಿಗೂ ಹೆಚ್ಚು ಬೈಟ್ ಸ್ಮರಣೆ ಬೇಕು, ಕಟ್ಟುವ ಶ್ರಮ ಬೇರೆ. ಸೈಂಟಿಫಿಕ್ ಜೊತೆಗೇ ಬರುವ 'ಟುರಿಯಲ್‌ಫ್ಲೋಟ್' ಮೊದಲು ಘಾತವನ್ನು ನೋಡಿ, ಮಿತಿ ಮೀರಿದ್ದರೆ ಕಟ್ಟುವ ಗೋಜಿಗೇ ಹೋಗದೆ ಅನಂತವೆಂದು ಉತ್ತರಿಸುತ್ತದೆ. ಗಂಟೆಗೆ ಎಷ್ಟು ಇಂಚು ಸುರಿಯಿತು ಎಂದು ತಿಳಿಯಲು ಎರಡು ಸಮಯಗಳ ಅಂತರವನ್ನು ಡಬಲ್ ಮಾಡುವಾಗಲೂ ಇಂಥದೇ ಮರೆಯ ಖರ್ಚು ಇದೆ, ಏಕೆಂದರೆ ಸಮಯದ ಲೈಬ್ರರಿ ಆ ಅಂತರವನ್ನು ಒಂದು ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗದ ಎಣಿಕೆಯಾಗಿ, ಇಂಟೀಜರ್‌ನಲ್ಲಿ ಇಡುತ್ತದೆ.

ಫಂಕ್ಷನಲ್ ಭಾಷೆಗಳೆಲ್ಲ ಹೀಗೆಯೇ ಎಂದಲ್ಲ. ಓಕ್ಯಾಮಲ್‌ನಲ್ಲಿಯೂ ಪರಿವರ್ತನೆಯನ್ನು ಬಾಯಿಬಿಟ್ಟು ಹೇಳಬೇಕು, ಆದರೆ ಅಲ್ಲಿ ಪ್ರತಿ ಜೋಡಿಗೂ ಬೇರೆ ಹೆಸರಿದೆ, ಸಾರ್ವತ್ರಿಕ ಫಂಕ್ಷನ್ ಇಲ್ಲ. ಅದನ್ನು ಒರಟು ಎನ್ನುವವರಿದ್ದಾರೆ, ಆ ಒರಟುತನದಿಂದಲೇ ಸುತ್ತುದಾರಿಯ ಪ್ರಶ್ನೆ ಅಲ್ಲಿ ಹುಟ್ಟುವುದಿಲ್ಲ. ಕ್ಲೋಜರ್‌ನಲ್ಲಿ ಖರ್ಚು ಬರುವುದು ಅಂಕಿಗಳನ್ನು ವಸ್ತುಗಳ ಡಬ್ಬಿಯಲ್ಲಿ ಹಾಕಿ ತೆಗೆಯುವುದರಿಂದ, ಹಾಗಾಗುವ ಜಾಗಗಳನ್ನು ಎಚ್ಚರಿಸುವ ಆಯ್ಕೆಯೊಂದನ್ನು ಆ ಭಾಷೆ ಕೊಟ್ಟಿದೆ.

ನನ್ನ ಪ್ರೋಗ್ರಾಂನಲ್ಲಿ ಕೊನೆಗೆ ಹೆಚ್ಚು ಫಲ ಕೊಟ್ಟದ್ದು ಇವಾವುದೂ ಅಲ್ಲ, ಪರಿವರ್ತನೆಗಳ ಸಂಖ್ಯೆಯನ್ನೇ ಇಳಿಸಿದ್ದು. ಒಂದು ಸೆಂಟು ಎಂದರೆ ಕರಾರುವಾಕ್ಕಾಗಿ 254 ಮೈಕ್ರೋಮೀಟರ್. ಸೆಂಟುಗಳನ್ನು ಪೂರ್ಣಾಂಕವಾಗಿಯೇ ಓದಿ, 254ರಿಂದ ಗುಣಿಸಿ, ಪೂರ್ಣಾಂಕವಾಗಿಯೇ ಕೂಡಿದರೆ ದಾರಿಯಲ್ಲಿ ಎಲ್ಲೂ ದಶಮಾಂಶವೇ ಬರುವುದಿಲ್ಲ, ಒಂದು ಮೈಕ್ರಾನ್ ಕೂಡ ಕಳೆದುಹೋಗುವುದಿಲ್ಲ. ಇದನ್ನೇ 32 ಬಿಟ್‌ನ ಫ್ಲೋಟ್‌ನಲ್ಲಿ ಕೂಡುತ್ತ ಹೋಗಿದ್ದರೆ 1,67,77,216ರ ನಂತರ ಒಂದನ್ನು ಕೂಡಿದರೂ ಮೊತ್ತ ಅಲುಗಾಡುತ್ತಿರಲಿಲ್ಲ, ಮತ್ತು ವರ್ಷಕ್ಕೆ ನೂರು ಇಂಚು ದಾಟುವ ಮಡಿಕೇರಿಯ ಮಳೆ ಮೈಕ್ರೋಮೀಟರುಗಳಲ್ಲಿ ಆ ಮಿತಿಯನ್ನು ಏಳು ವರ್ಷದೊಳಗೆ ಮುಟ್ಟಿಬಿಡುತ್ತದೆ. ಈಗ ಡಬಲ್‌ಗೆ ಬದಲಾಗುವುದು ಕೊನೆಯಲ್ಲಿ, ಮುದ್ರಿಸುವ ಮುನ್ನ, ಸಾಲಿಗೊಮ್ಮೆ ಮಾತ್ರ. ಮೂರೂವರೆ ಕೋಟಿ ಪರಿವರ್ತನೆಗಳ ಜಾಗದಲ್ಲಿ ಕೆಲವು ಸಾವಿರ ಉಳಿದ ಮೇಲೆ ಅವು ನಿಧಾನವೋ ವೇಗವೋ ಎಂಬುದು ಗಣನೆಗೆ ಬರುವುದಿಲ್ಲ. ಇನ್ನೊಂದು ಸಣ್ಣ ವಿಚಾರ ಇಲ್ಲಿ ಎದುರಾಯಿತು: ಹ್ಯಾಸ್ಕೆಲ್‌ನ 'ರೌಂಡ್' ಎರಡೂವರೆಯನ್ನು ಎರಡಕ್ಕೂ ಮೂರೂವರೆಯನ್ನು ನಾಲ್ಕಕ್ಕೂ ಕೊಂಡೊಯ್ಯುತ್ತದೆ, ಅಂದರೆ ಹತ್ತಿರದ ಸಮಸಂಖ್ಯೆಗೆ. ಮಳೆ ಪುಸ್ತಕದ ರೂಢಿ ಅರ್ಧವನ್ನು ಮೇಲಕ್ಕೇರಿಸುವುದು. ಎರಡು ಮೊತ್ತಗಳ ನಡುವೆ ಒಂದೊಂದು ಸೆಂಟಿನ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕಲು ನನಗೆ ಒಂದು ಸಂಜೆ ಹಿಡಿಯಿತು.

ಪರಿವರ್ತನೆಗಳೆಲ್ಲ ಈಗ ಒಂದೇ ಮಾಡ್ಯೂಲ್‌ನಲ್ಲಿ ಇವೆ, ಪ್ರತಿಯೊಂದಕ್ಕೂ ಯಾವುದರಿಂದ ಯಾವುದಕ್ಕೆ ಎಂಬ ಹೆಸರಿದೆ. ಪರೀಕ್ಷೆಗಳನ್ನು ಆಪ್ಟಿಮೈಸೇಷನ್ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ, ಎರಡು ಸಲ ಓಡಿಸುತ್ತೇನೆ, ನ್ಯಾನ್ ಮತ್ತು ಅನಂತ ಎರಡೂ ಅವುಗಳಲ್ಲಿ ಸೇರಿವೆ. ಮಾಪಕದಿಂದ ಬಂದ ನ್ಯಾನ್ ಅನ್ನು ಓದುವ ಬಾಗಿಲಲ್ಲೇ ಹಿಡಿದು, ಇರಬಹುದು ಅಥವಾ ಇಲ್ಲದಿರಬಹುದು ಎಂದು ಹೇಳುವ 'ಮೇಬಿ' ಬಗೆಗೆ ಸೇರಿಸುತ್ತೇನೆ, ಮತ್ತು ತಿಂಗಳ ಪಟ್ಟಿ ಮುದ್ರಿಸುವಾಗ ಅಂಥ ದಿನಗಳ ಎದುರು ಪ್ರೋಗ್ರಾಂ ಒಂದು ಗೀಟು ಎಳೆಯುತ್ತದೆ.